ಅಣ್ಣಪ್ಪಣ್ಣ ಲಾರಿ ನಿಲ್ಲಿಸಿದರೆ

ಅಣ್ಣಪ್ಪಣ್ಣ ಲಾರಿ ಓಡಿಸುವುದನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಆದರೆ ಅವನು ಲಾರಿ ನಿಲ್ಲಿಸುವುದನ್ನು ನೋಡಲು ಜನ ಸೇರುತ್ತಿದ್ದರು.

ನಿಲ್ಲುವ ಸಂದರ್ಭಗಳಿಗೆ ಆಗ ಬರವಿರಲಿಲ್ಲ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಲಾರಿಗಳ ಬೆನ್ನಿಗೆ ಕಬ್ಬಿಣದ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ ನಡೆಸುತ್ತಿದ್ದರು. ಒಲೆ ಆರಿದರೆ ಲಾರಿ ನಿಲ್ಲುತ್ತಿತ್ತು. ಇದ್ದಿಲು ಒದ್ದೆಯಾದರೆ ನಿಲ್ಲುತ್ತಿತ್ತು. ಏರು ಕಂಡರೆ ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ನಿಲ್ಲುತ್ತಿತ್ತು. ನಾನು ಕುಂದಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಹಂಚು ಒಡೆಯದಂತೆ ಬೈಂದೂರಿಗೋ ಬ್ರಹ್ಮಾವರಕ್ಕೋ ತಲುಪಿಸಿ ಬರುವುದು ನನ್ನ ಕೆಲಸ. ಹೀಗಾಗಿ ನನ್ನ ಪ್ರಾಯದ ಒಳ್ಳೆಯ ಭಾಗವೆಲ್ಲ ನಿಂತ ಲಾರಿಯ ಹತ್ತಿರ ಕಳೆಯಿತು. ಹತ್ತಿರ ಎಂದದ್ದು ತಪ್ಪು. ಹತ್ತಿರ ನಿಲ್ಲಲು ಅಣ್ಣಪ್ಪಣ್ಣ ಬಿಡುತ್ತಿರಲಿಲ್ಲ.

ಅವನು ಕುಂದಾಪುರದ ಪಕ್ಕದ ಕೋಡಿಯವನು. ಮನೆಯವರೆಲ್ಲ ಕಡಲಿಗೆ ಹೋಗುವವರು. ಇವನೊಬ್ಬ ನೀರೆಂದರೆ ವಾಂತಿ ಮಾಡುವವನಾದ್ದರಿಂದ ಬೊಂಬಾಯಿಗೆ ಹೋಗಿ ಡ್ರೈವಿಂಗ್ ಕಲಿತು, ಒಂದು ಖಾಕಿ ಕೋಟು ಮತ್ತು ನಾಲ್ಕಾರು ಹಿಂದಿ ಮಾತುಗಳೊಂದಿಗೆ ಊರಿಗೆ ಮರಳಿದ್ದ. ಗಿಡ್ಡ ಆಳು. ಸ್ಟಿಯರಿಂಗ್ ಹಿಂದೆ ಕೂತರೆ ಎದುರಿನವರಿಗೆ ಬರೀ ಮುಂಡಾಸು ಕಾಣುತ್ತಿತ್ತು. ಲಾರಿ ತಾನಾಗಿಯೇ ಬರುತ್ತಿದೆಯೆಂದು ಹೆದರಿ ಗದ್ದೆಗಿಳಿದವರನ್ನು ನಾನೇ ಕಂಡಿದ್ದೇನೆ.

ಎಂಜಿನ್ ಕೆಮ್ಮಲು ಶುರುಮಾಡಿದ ಕೂಡಲೇ ಅವನು ಲಾರಿಯನ್ನು ರಸ್ತೆಯ ಅಂಚಿಗೆ ತರುತ್ತಿದ್ದ. ತಿರುವಿನಲ್ಲಿ ಮಾತ್ರ ಏನೇ ಆದರೂ ನಿಲ್ಲಿಸುವವನಲ್ಲ. ಕೊನೆಯ ಉಸಿರಿನಲ್ಲಿ ತೆವಳಿಸಿಯಾದರೂ ತಿರುವು ದಾಟಿಸುತ್ತಿದ್ದ. ನಿಂತ ಮೇಲೆ ಮುಂದಿನ ಗಾಲಿಯನ್ನು ಗುಡ್ಡದ ಕಡೆಗೆ ತಿರುಗಿಸುವುದು. ಹಿಂದೆ ಮುಂದೆ ಕಣ್ಣಾಡಿಸಿ ಇಳಿಯುವುದು. ಗಾಲಿಗಳಿಗೆ ಮರದ ತುಂಡು ಕೊಡುವುದು. ಬಳಿಕ ಕತ್ತಿ ಹಿಡಿದು ಹೋಗಿ ಹಸಿ ಸೊಪ್ಪಿನ ಗೆಲ್ಲುಗಳನ್ನು ಕಡಿದು ತಂದು, ಲಾರಿಯ ಎರಡೂ ದಿಕ್ಕಿನಲ್ಲಿ ಸಾಕಷ್ಟು ದೂರ ರಸ್ತೆಯ ಮೇಲೆ ಹಾಸಿ, ಗಾಳಿಗೆ ಹಾರದಂತೆ ಕಲ್ಲು ಹೇರುವುದು. ಇಷ್ಟಾಗುವಾಗ ನಾನೂ ಹಂಚು ಇಳಿಸುವ ಆಳುಗಳೂ ಲಾರಿಯ ನೆರಳಲ್ಲಿ ಕೂತಿದ್ದರೆ ಅವನ ದನಿ ಏರುತ್ತಿತ್ತು.

"ಹ್ವಾಯ್ ರೈಟ್ರೆ, ಅಲ್ಲೆಂತಕ್ಕೆ ಕೂಕಂಡದ್ದ್? ಬಾಜೂಕ್ ಹೋಯ್ನಿ. ಧರೆ ಮೇಲ್ ಹತ್ತಿ ಕೂಕಣಿ."

"ಅಲ್ಲಿ ಬಿಸ್ಲ್ ಮಾರಾಯ."

"ಬಿಸ್ಲ್ ತಾಗ್ರೆ ಕಪ್ಪ್ ಆತ್ರಿ, ಅಷ್ಟೆ."

ನಾವೆಲ್ಲ ಧರೆ, ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬ, ಹತ್ತಿದ ಮೇಲೆಯೇ ಅವನು ಬಾನೆಟ್ ಎತ್ತುತ್ತಿದ್ದುದು. ರಿಪೇರಿಯಲ್ಲಿ ಅವನದು ಸಾಧಾರಣ ಕೈ. ನಾವು ಹೊರಡುವ ಹೊತ್ತಿಗೆ ಬಹಳ ಸಲ ಹಾದಿಹೋಕರೇ ದೋಷ ಪತ್ತೆ ಮಾಡಿರುತ್ತಿದ್ದರು.

ಹೊರಡುವ ಮೊದಲು ಹಾಕಿದ ಕಲ್ಲನ್ನೆಲ್ಲ ಹೆಕ್ಕಿ ಚರಂಡಿಯಾಚೆ ಎಸೆಯುತ್ತಿದ್ದ. ಬೇರೆ ಡ್ರೈವರುಗಳು ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅಂಥ ಕಲ್ಲು ಕಂಡರೆ ಅಣ್ಣಪ್ಪಣ್ಣನಿಗೆ ಮುಂದೆ ಹೋಗಲು ಮನಸ್ಸಾಗದು. ಕಲ್ಲು ತೆಗೆಯಲು ಲಾರಿ ನಿಲ್ಲಿಸಬೇಕು. ಲಾರಿ ನಿಲ್ಲಿಸಿದ ಮೇಲೆ ಮರದ ತುಂಡು ಕೊಡಬೇಕು, ಗೆಲ್ಲು ಕಡಿಯಬೇಕು, ನಾನು ಧರೆ ಹತ್ತಬೇಕು. ಕುಂಭಾಶಿಗೆ ಹಂಚು ಮುಟ್ಟಿಸಿ ಬರಲು ಒಮ್ಮೆ ನಮಗೆ ಇಡೀ ದಿನ ಹಿಡಿಯಿತು. ಕಾರಣ ಕೇಳಿದ ಧಣಿಗೆ ನಾನು ನಿಜವನ್ನೇ ಹೇಳಿದೆ. ಅವರು ನಂಬಲಿಲ್ಲ.

ನನ್ನ ಮದುವೆಗೆ ಧಣಿ ಅದೇ ಲಾರಿಯನ್ನು ಕೊಟ್ಟರು. ಹೆಣ್ಣಿನ ಮನೆ ಶಿರೂರಿನಲ್ಲಿ, ಮುಹೂರ್ತ ಮಧ್ಯಾಹ್ನಕ್ಕೆ. ದಿಬ್ಬಣ ಹೊರಟಿತು: ನೆಂಟರು, ವಾದ್ಯದವರು, ಪುರೋಹಿತರು, ಬಾಳೆಗೊನೆ, ಮತ್ತು ನನ್ನ ಸೋದರಮಾವ ತನ್ನ ಹೊಸ ಟ್ರಂಕಿನೊಂದಿಗೆ. ಮಾವ ಆ ಟ್ರಂಕನ್ನು ಮಂಗಳೂರಿನಿಂದ ತರಿಸಿದ್ದರು. ಅದರ ಮೇಲೆ ಗುಲಾಬಿ ಹೂವಿನ ಚಿತ್ರವಿತ್ತು. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ.

ಬೈಂದೂರು ದಾಟಿ ಒತ್ತಿನೆಣೆಯ ಏರಿನಲ್ಲಿ ಲಾರಿ ನಿಂತಿತು. ಅಣ್ಣಪ್ಪಣ್ಣ ಇಳಿದ. ಮರದ ತುಂಡು ಕೊಟ್ಟ. ಗೆಲ್ಲು ಕಡಿದು ಕೆಳಗೂ ಮೇಲೂ ಹಾಸಿ ಬಂದ. ಆಮೇಲೆ ದಿಬ್ಬಣವನ್ನು ನೋಡಿ, "ಎಲ್ಲರೂ ಧರೆ ಹತ್ತಿ" ಎಂದ.

ಧರೆಯ ಮೇಲೆ ಇದ್ದದ್ದು ಮುಳ್ಳಿನ ಪೊದೆ. ಹೆಂಗಸರು ಜರಿ ಸೀರೆಗಳನ್ನು ಎತ್ತಿಕಟ್ಟಿ ಹತ್ತಿದರು. ನಾನು ರುಮಾಲು, ಹೂವಿನ ಹಾರ ಸಮೇತ ಹತ್ತಿದೆ. ಅಭ್ಯಾಸವಿದ್ದುದರಿಂದ ನನಗೆ ಕಷ್ಟವಾಗಲಿಲ್ಲ. ಮಾವ ಮಾತ್ರ ಲಾರಿಯ ಹಿಂದಿನ ಗಾಲಿಯ ಪಕ್ಕದ ನೆರಳಿನಲ್ಲಿ ಟ್ರಂಕ್ ಇಟ್ಟು, ಅದರ ಮೇಲೆ ಕೂತು ಬಿಟ್ಟರು.

"ಅಯ್ಯ, ನೀವೂ ಹತ್ಕ್" ಎಂದ ಅಣ್ಣಪ್ಪಣ್ಣ.

"ನಾನ್ ಮದ್ಮಗನ್ ಸೋದರಮಾವ! ಮುಳ್ಳಿನ್ ಮೇಲ್ ಕೂಕಂಬುಕೆ ಬಂದದ್ದಲ್ಲ. ನೀನ್ ಗಾಡಿ ಸಮ ಮಾಡ್."

"ನೀವ್ ಹತ್ತುವರಿಗೆ ನಾನ್ ಬಾನೆಟ್ ತೆಗೂದಿಲ್ಲೆ."

ಹೀಗೆಂದು ಅವನು ಧರೆಯ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತು ಬೀಡಿ ಹಚ್ಚಿದ. ಮಾವ ಕೆಳಗೆ, ದಿಬ್ಬಣ ಮೇಲೆ. ಬಿಸಿಲು ಏರತೊಡಗಿತು. ಪುರೋಹಿತರು ಸೂರ್ಯನನ್ನು ನೋಡಿ ನಿಟ್ಟುಸಿರು ಬಿಟ್ಟರು. ಕೊನೆಗೆ ನನ್ನ ಅಮ್ಮ ಮೇಲಿನಿಂದಲೇ, "ಅಣ್ಣಯ್ಯ, ನಿನ್ ದಮ್ಮಯ್ಯ, ಹತ್ತ್ ಮಾರಾಯ. ಮುಹೂರ್ತ ಮೀರಿ ಹೋತ್" ಎಂದು ಅಳುದನಿ ಮಾಡಿದರು. ಮಾವ ಎದ್ದರು. ಟ್ರಂಕನ್ನು ಹೊತ್ತು ಧರೆ ಹತ್ತುವುದು ಆಗದ ಕೆಲಸ, ಬೇರೆಯವರಿಗೆ ಕೊಡುವುದು ಇಷ್ಟವಿಲ್ಲ. ಅದನ್ನು ಅಲ್ಲೇ ಬಿಟ್ಟು, ಬೈಯುತ್ತ ಹತ್ತಿದರು.

ಅವರು ಮುಳ್ಳು ಸರಿಸಿ ಕೂರಲು ಜಾಗ ಹುಡುಕುತ್ತಿರುವಾಗಲೇ ಮೇಲಿನ ತಿರುವಿನಿಂದ ಮರದ ದಿಮ್ಮಿ ಹೇರಿದ ಲಾರಿಯೊಂದು ಇಳಿದು ಬಂತು. ಬ್ರೇಕ್ ಹಿಡಿಯುತ್ತಿರಲಿಲ್ಲ. ಡ್ರೈವರ್ ಸೊಪ್ಪನ್ನು ಕಂಡು ಅಲ್ಲಿಂದಲೇ ಪಕ್ಕಕ್ಕೆ ಎಳೆದಿರಬೇಕು, ಹಾಗಾಗಿ ನೇರ ಗುದ್ದಲಿಲ್ಲ. ನಮ್ಮ ಲಾರಿಯ ಮೈಯನ್ನು ಉದ್ದಕ್ಕೂ ಸವರಿಕೊಂಡು, ಹಿಂದಿನ ಗಾಲಿಯ ಪಕ್ಕದಿಂದ ಹಾದು, ಕೆಳಗಿನ ಚರಂಡಿಗೆ ಬಿದ್ದು ನಿಂತಿತು. ವಾದ್ಯದವನ ಕೈಯಿಂದ ಡೋಲು ಜಾರಿ ಉರುಳಿತು.

ಎಲ್ಲರಿಗಿಂತ ಮೊದಲು ಮಾತಾಡಿದವರು ಮಾವ.

"ನನ್ ಟ್ರಂಕ್!"

ಟ್ರಂಕು ಹಪ್ಪಳವಾಗಿತ್ತು. ಗುಲಾಬಿ ಹೂವು ಮಾತ್ರ ಹಾಗೇ ಕಾಣುತ್ತಿತ್ತು. ಅಣ್ಣಪ್ಪಣ್ಣ ಅದರ ಕಡೆ ನೋಡಲೂ ಇಲ್ಲ. ಓಡಿಹೋಗಿ ಚರಂಡಿಯ ಲಾರಿಯಿಂದ ಡ್ರೈವರನನ್ನು ಎಳೆದು ತೆಗೆದು, ಕೈಕಾಲು ಮುಟ್ಟಿ ನೋಡಿ, ಅವನನ್ನೂ ಧರೆ ಹತ್ತಿಸಿದ.

ಮಾವ ಬದುಕಿರುವವರೆಗೂ ಆ ಟ್ರಂಕಿನ ಕತೆ ಹೇಳಿದರು. "ಆ ಡ್ರೈವರ್ ನನ್ನ ಏಳಿಸ್ದೇ ಇದ್ರೆ ಟ್ರಂಕ್ ಹೀಂಗೆ ಆತಿರ್ಲಿಲ್ಲೆ" ಎಂಬುದು ಅವರ ವಾದ. ಯಾರೂ ತಿದ್ದಲು ಹೋಗಲಿಲ್ಲ. ನಾವು ವಾದ್ಯ ಬಾರಿಸಿಕೊಂಡು ಶಿರೂರಿಗೆ ನಡೆದೇ ಹೋದೆವು. ಮುಹೂರ್ತ ಮೀರಿತ್ತು. ಪುರೋಹಿತರು ಪಂಚಾಂಗವನ್ನು ಎರಡು ಸಲ ತಿರುವಿ ಸಂಜೆಗೆ ಇನ್ನೊಂದನ್ನು ಹುಡುಕಿದರು. ಮರುದಿನ ಹೆಂಡತಿಯೊಂದಿಗೆ ಮರಳುವಾಗ ಅಣ್ಣಪ್ಪಣ್ಣ ಇನ್ನೂ ಒತ್ತಿನೆಣೆಯಲ್ಲೇ ಇದ್ದ. ಬೈಂದೂರಿನಿಂದ ಬಂದ ಮೇಸ್ತ್ರಿ ಲಾರಿಯ ಅಡಿಯಲ್ಲಿದ್ದ. ನನ್ನ ಹೆಂಡತಿಯನ್ನು ಕಂಡು ಅಣ್ಣಪ್ಪಣ್ಣ ಕೈಮುಗಿದ.

"ಅಮ್ಮಾ, ಬನಿ. ಧರೆ ಮೇಲ್ ಕೂಕಣಿ."

ಗಂಡನ ಮನೆಯ ಮೊದಲ ದಿನವನ್ನು ಅವಳು ಮುಳ್ಳಿನ ಪೊದೆಯಲ್ಲಿ ಕಳೆದಳು. ಅವಳಿಗಾಗಿ ಅವನು ಮೊದಲೇ ಒಂದಿಷ್ಟು ಮುಳ್ಳು ಸವರಿ ಜಾಗ ಮಾಡಿಟ್ಟಿದ್ದ ಎಂಬುದು ನಮಗೆ ಆಮೇಲೆ ತಿಳಿಯಿತು.

ಅವನಿಗೆ ಈ ಹೆದರಿಕೆ ಎಲ್ಲಿಂದ ಬಂತು ಎಂದು ನಾನು ಕೇಳಿದ್ದು ಒಮ್ಮೆ ಮಾತ್ರ. ಮಾಬುಕಳದ ಹೊಳೆಗೆ ಆಗ ಸೇತುವೆ ಇರಲಿಲ್ಲ. ಲಾರಿ ದಾಟಿಸುವ ಜಂಗಲ್, ಅಂದರೆ ದೋಣಿಗಳ ಮೇಲೆ ಹಲಗೆ ಬಿಗಿದ ತೆಪ್ಪ, ಆಚೆ ದಡದಲ್ಲಿತ್ತು. ಕಾಯುತ್ತ ಕೂತಿದ್ದೆವು.

"ಬೊಂಬಾಯಂಗೆ ನಾನೂ ನಮ್ಮೂರ್ ಗೋಯ್ದನೂ ಒಂದೇ ಗಾಡಿಯಂಗೆ ಇದ್ದದ್ದ್" ಎಂದ. "ಘಾಟಿಯಂಗೆ ಗಾಡಿ ನಿಂತ್ ಹೋಯ್ತ್. ಅಂವ ಹಿಂದೆ ನೆರ್ಳಂಗೆ ಕೂಕಂಡ. ನಾನ್ ಚಾ ತಪ್ಪುಕೆ ಹೋದೆ. ಬಪ್ಪತಿಗೆ ಇನ್ನೊಂದ್ ಗಾಡಿ ಬಂದ್ ಗುದ್ದಿತ್."

ಆಚೆ ದಡದಿಂದ ಜಂಗಲ್ ಹೊರಟಿತು.

"ಎರಡ್ ಗ್ಲಾಸ್ ಚಾ ತಂದಿದ್ದೆ" ಎಂದ. "ಎಂತ ಮಾಡೂದ್ ಅಂದೇಳಿ ಗೊತ್ತಾಯ್ಲ. ಎರಡೂ ನಾನೇ ಕುಡ್ದೆ."

ಅಷ್ಟರಲ್ಲಿ ಜಂಗಲ್ ಬಂತು. ಅವನು ಎದ್ದು ಹೋಗಿ ಗಾಲಿಯ ಮರದ ತುಂಡು ತೆಗೆದ. ಮತ್ತೆ ಆ ಮಾತು ಬರಲಿಲ್ಲ. ಅಂದಿನಿಂದ ನಾನು ಬಿಸಿಲಿನ ಬಗ್ಗೆ ದೂರುವುದನ್ನು ನಿಲ್ಲಿಸಿದೆ.

ಅವನು ತೀರಿಕೊಂಡದ್ದು ಕೋಡಿಯ ಮನೆಯಲ್ಲಿ, ಚಾಪೆಯ ಮೇಲೆ, ಮಳೆಗಾಲದ ಜ್ವರದಲ್ಲಿ. ನಾನಾಗ ಬ್ರಹ್ಮಾವರದಲ್ಲಿ ಹಂಚು ಇಳಿಸುತ್ತಿದ್ದೆ. ಸುದ್ದಿ ಸಿಕ್ಕಿ, ಹೊಳೆ ದಾಟಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಹಾಗಾಗಿ ನಾನು ಅವನನ್ನು ಕೊನೆಯದಾಗಿ ಕಂಡದ್ದು ಅದಕ್ಕೂ ಕೆಲವು ತಿಂಗಳ ಹಿಂದೆ, ಮರವಂತೆಯಲ್ಲಿ.

ಸ್ವಾತಂತ್ರ್ಯ ಬಂದಿತ್ತು. ಪೆಟ್ರೋಲೂ ಬಂದಿತ್ತು. ಇದ್ದಿಲ ಒಲೆ ಕಳಚಿದ ಲಾರಿ ಈಗ ಸುಮ್ಮನೆ ನಿಲ್ಲುತ್ತಿರಲಿಲ್ಲ. ಬೈಂದೂರಿನಿಂದ ನಾವುಂದ ದಾಟಿ ಖಾಲಿ ಬರುತ್ತಿದ್ದೆವು. ಮರವಂತೆಯಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಆ ನೇರ ರಸ್ತೆಯಲ್ಲಿ, ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಅಣ್ಣಪ್ಪಣ್ಣ ಲಾರಿಯನ್ನು ಅಂಚಿಗೆ ತಂದ. ತುಂಡು ಕೊಟ್ಟ, ಗೆಲ್ಲು ಹಾಸಿದ. ಹತ್ತಲು ಅಲ್ಲಿ ಧರೆ ಇರಲಿಲ್ಲ. ಇಬ್ಬರೂ ಮರಳಿಗಿಳಿದು ಕೂತೆವು.

"ಗಾಡಿಗ್ ಎಂತ ಆಯ್ತ್?" ಎಂದೆ.

"ಗಾಡಿಗ್ ಎಂತ ಆಯ್ಲ. ರೈಟ್ರೆ, ನಾವುಂದದಂಗೆ ರಸ್ತಿಗ್ ಅಡ್ಡ ಹೋದ್ದ್ ಎಂತ?"

"ಶಾಲಿ ಮಕ್ಳ್."

ಅವನು ಕಡಲಿನ ಕಡೆ ನೋಡಿದ.

"ನಂಗೆ ದನ ಅಂದೇಳಿ ಕಂಡಿತ್."

ಬ್ರೇಕ್ ಸ್ವಲ್ಪ ತಡವಾಗಿ ಬಿದ್ದದ್ದು ನನಗೂ ನೆನಪಾಯಿತು. ಮಕ್ಕಳು ನಗುತ್ತ ಓಡಿ ದಾಟಿದ್ದರು. "ಕುಂದಾಪ್ರ ಇಲ್ಲೇ ಹತ್ರ ಇತ್ತಲೆ. ನಿಧಾನಕ್ ಹೋಪ" ಎಂದೆ.

"ನಾನ್ ಯಾವತ್ತ್ ಬೇಗ ಹೋಯಿದೆ?"

ಅವನು ಎದ್ದು ಖಾಕಿ ಕೋಟಿನ ಮರಳು ಕೊಡವಿ, ಲಾರಿಯ ಬಾಗಿಲು ಹಾಕಿ ಎಳೆದು ನೋಡಿದ. "ಧಣಿಗ್ ಹೇಳ್ತೆ. ಬೇರೆ ಡ್ರೈವರ್ ಬತ್ತ. ಅಲ್ಲಿವರಿಗೆ ನೀವ್ ಇಲ್ಲೇ ಇರಿ. ಗಾಡಿ ಹತ್ರ ಬೇಡ" ಎಂದ.

ಕುಂದಾಪುರದ ಕಡೆಗೆ ಹೋಗುವ ಬಸ್ಸು ಸೊಪ್ಪನ್ನು ಕಂಡು ನಿಧಾನಿಸಿ ನಿಂತಿತು. ಅಣ್ಣಪ್ಪಣ್ಣ ಮೆಟ್ಟಿಲ ಮೇಲೆ ಕಾಲಿಟ್ಟು, ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ ಒಂದು ಕ್ಷಣ ತಡಕಾಡಿದ. ಆ ರಸ್ತೆಯಲ್ಲಿ ಅವನು ಬೇರೆಯವರು ಬಿಡುವ ಗಾಡಿ ಹತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಂಡಕ್ಟರ್ ಹೊಸಬ, ಗುರುತಿಲ್ಲದವನು.

"ಎಲ್ಲಿಗೆ ಮಾರಾಯ್ರೆ?" ಎಂದ.

"ಮನಿಗೆ" ಎಂದ ಅಣ್ಣಪ್ಪಣ್ಣ.