ಶಾಹೀನ್ ಕಂಪ್ಯೂಟರ್ ಆದದ್ದು

ಎಂಬತ್ತರ ದಶಕದಲ್ಲಿ ಮಾನ್ವಿಯ ಒಂದು ಹೈಸ್ಕೂಲಿಗೆ ಕಂಪ್ಯೂಟರ್ ಕಲಿಸಲು ಹೋಗಿದ್ದೆ. ಟಿ.ವಿ.ಗೆ ಜೋಡಿಸುವ, ಕೈಚೀಲದಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ. ಮಕ್ಕಳೆಲ್ಲ ಮುತ್ತಿಕೊಂಡರು. ಪಕ್ಕದ ಹಳ್ಳಿ ನೀರಮಾನ್ವಿಯಿಂದ ಬರುತ್ತಿದ್ದ ಹುಲಿಗೆಮ್ಮ ಮಾತ್ರ ಮೂರು ದಿನವಾದರೂ ಅದನ್ನು ಮುಟ್ಟಲಿಲ್ಲ.

“ನನ್ನ ಕೈಲೆ ಕೆಟ್ಟರ ಮನ್ಯಾಗ ಸಾಲಿ ಬಿಡಸ್ತಾರ್ರಿ ಸರ್,” ಎಂದಳು.

ನಾನು ಎಷ್ಟು ಧೈರ್ಯ ಹೇಳಿದರೂ ಅವಳು ಒಪ್ಪಲಿಲ್ಲ. ಆಗ ಅವಳ ಗೆಳತಿ ಶಾಹೀನ್ ಎದ್ದಳು.

“ಏ ಹುಲಿಗಿ, ಈಗ ನಾನೇ ಕಂಪ್ಯೂಟರ್. ನೀ ಹೇಳಿದಷ್ಟ ಮಾಡ್ತೀನಿ.”

“ಮುಂದ ನಡಿ,” ಎಂದಳು ಹುಲಿಗೆಮ್ಮ, ಮೆಲ್ಲಗೆ.

ಶಾಹೀನ್ ನಡೆದಳು. ಗೋಡೆಗೆ ಹಣೆ ತಗುಲಿದರೂ ಅಲ್ಲೇ ಹೆಜ್ಜೆ ಹಾಕುತ್ತಿದ್ದಳು.

“ನಿಂದ್ರು ಬೇ!”

“ನಿಂದ್ರು ಅಂತ ಮೊದಲ ಎಲ್ಲಿ ಹೇಳಿದ್ದಿ? ನೋಡು, ನೀ ಹೇಳೋದು ತಪ್ಪಿದ್ರೂ ನಾ ಕೆಟ್ಟೇನೇನು?”

ಹುಲಿಗೆಮ್ಮ ನಕ್ಕುಬಿಟ್ಟಳು. ಶಾಹೀನಳ ಹಣೆ ತಿಕ್ಕಿ, ಬಂದು ಕುಳಿತು, ಒಂದೊಂದೇ ಕೀಲಿ ಒತ್ತಿದಳು. ಪರದೆಯ ಮೇಲೆ ಅವಳ ಹೆಸರು ಮೂಡಿತು. ಅವಳು ಅದನ್ನು ಬೆರಳಿನಿಂದ ಸವರಿ ನೋಡಿದಳು.

ಮರುದಿನ ಇಬ್ಬರೂ ಅದೇ ಆಟ ಆಡಿಸಿ ಕೆಳಗಿನ ತರಗತಿಗೆ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅದನ್ನು ಬರೆದುಕೊಂಡೆ. ತರಬೇತಿ ಪಡೆದು ಬಂದವನು ನಾನೆಂದು ಯಾರಿಗೂ ನೆನಪಿರಲಿಲ್ಲ, ನಾನೂ ನೆನಪಿಸಲಿಲ್ಲ.