ಹೊಳೆ ದಾಟಿದ ಹೊಲದ ಬೆಂಕಿ

ಬಿಳಿಜೋಳ ತೆನೆ ಕಟ್ಟುತ್ತಿರುವ ದಿನಗಳು. ಕಡಲೆ ಗಿಡದ ಮೇಲೆ ಹುಳಿ ಕೂತಿದೆ. ಮಹಾಯುದ್ಧ ಮುಗಿದ ಮೇಲಿನ ಮೊದಲ ಎಳ್ಳಮಾವಾಸ್ಯೆ ಇದು. ನಸುಕಿನ ಚಳಿಗೆ ಭೀಮಾ ಹೊಳೆಯ ಮಡುವಿನಿಂದ ಮಂಜು ಏಳುತ್ತಿದೆ. ಯಾದಗಿರಿಯ ಕಡೆಯ ದಂಡೆಯಲ್ಲಿ ಒಂದು ದೊಡ್ಡ ಹರಿಗೋಲು ಬೋರಲಾಗಿ ಬಿದ್ದಿದೆ. ಅದರ ಬೆನ್ನಿನ ಮೇಲೆ ಅಂಬಿಗರ ಭೀಮವ್ವ ಬಾಗಿ ನಿಂತು, ಬೇವಿನೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತೊಗಲನ್ನು ತಿಕ್ಕುತ್ತಿದ್ದಾಳೆ. ಬೆಳಕು ಇನ್ನೂ ಸಾಲದು. ಹೊಲಿಗೆಗಳನ್ನು ಕಣ್ಣಿನಿಂದಲ್ಲ, ಬೆರಳಿನಿಂದ ನೋಡುತ್ತಾಳೆ. ಎರಡು ತೊಗಲು ಕೂಡುವ ಕಡೆ ಬೆರಳು ನಿಲ್ಲುತ್ತದೆ, ಒತ್ತುತ್ತದೆ, ಮುಂದೆ ಹೋಗುತ್ತದೆ.

ಒಳಗೆ ಬಿದಿರಿನ ಹೆಣಿಗೆ, ಹೊರಗೆ ಎಮ್ಮೆಯ ತೊಗಲು. ಒಂಬತ್ತು ಮೊಳ ಅಗಲದ ಈ ದುಂಡನೆಯ ಬುಟ್ಟಿ ಹದಿನೆಂಟು ಮಂದಿಯನ್ನು ಹೊರುತ್ತದೆ. ಇಂದು ಅದಕ್ಕೆ ಬಿಡುವಿಲ್ಲ. ಊರಿನ ಅರ್ಧ ಹೊಲ ಹೊಳೆಯ ಆಚೆ, ಶಹಾಪುರದ ಮಗ್ಗುಲಿಗಿದೆ. ಬೀಗರು, ಗೆಳೆಯರು, ಮಕ್ಕಳು ಮರಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಆಚೆ ಹೋಗಿ, ಅಡುಗೆಯ ಚರಗವನ್ನು ಬೆಳೆಗೆ ಎಡೆಯಾಗಿ ಚೆಲ್ಲಿ, ಹೊಲದಲ್ಲೇ ಉಂಡು, ಮರಕ್ಕೆ ಜೋಕಾಲಿ ಕಟ್ಟಿ ಆಡಿ, ಸಂಜೆಗೆ ತಿರುಗಿ ಬರುವ ದಿನ. ಅವರನ್ನು ಒಯ್ಯುವವಳೂ ತರುವವಳೂ ಇವಳೊಬ್ಬಳೇ.

ಮೊದಲು ಬಂದದ್ದು ಬಸವಂತ್ರಾಯನ ಮನೆಯವರು. ಸೈದಾಪುರದಿಂದ ರೈಲಿಗೆ ಬಂದ ನೆಂಟರು, ತಲೆಯ ಮೇಲೆ ಬುತ್ತಿ ಬುಟ್ಟಿ ಹೊತ್ತ ಸೊಸೆಯಂದಿರು, ಬಸವಂತ್ರಾಯನ ತಾಯಿ ಮಾನಮ್ಮ, ಆಕೆಯ ಗೆಳತಿ ಬಳೆ ಮಾರುವ ಹುಸೇನಬೀ, ಹಿಂದಿನ ದಿನವೇ ಶಹಾಪುರದಿಂದ ಬಂದಿಳಿದ ಅಳಿಯ ಗುರಣ್ಣ. ಗುರಣ್ಣ ಹತ್ತಿಯ ಅಡತಿ ಅಂಗಡಿಯಲ್ಲಿ ತೂಕ ಮಾಡುವವನು. ಮೈಕಟ್ಟು ಭಾರಿ, ತಲೆಗೆ ಜರಿಯಂಚಿನ ಹೊಸ ರುಮಾಲು. ಹರಿಗೋಲಿನ ಅಂಚಿನಲ್ಲಿ ಕೂತು ನೀರಿಗೆ ಕೈ ಬಿಟ್ಟುಕೊಂಡು ಹೋಗಬೇಕೆಂದು ಅವನ ಆಸೆ.

"ಅಳಿಯಾರ, ನಡಕ್ಕ ಬರ್ರಿ. ತಳದಾಗ ಕೂಡ್ರಿ," ಎನ್ನುತ್ತಾಳೆ ಭೀಮವ್ವ.

"ನಾ ಏನ್ ಜ್ವಾಳದ ಚೀಲ ಏನವ್ವ?"

"ಚೀಲಾಗಿದ್ರ ಇಟ್ಟಲ್ಲೇ ಇರ್ತಿತ್ರಿ."

ಹುಸೇನಬೀ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. "ದಿನಾ ಮಂದಿ ಹತ್ತಿ ತೂಗ್ತೀರಿ. ಇವತ್ತ ನಿಮ್ಮನ್ನ ಹೊಳಿ ತೂಗ್ತದ, ಸುಮ್ಮ ಕೂಡ್ರಿ."

ಗುರಣ್ಣ ಕೂಡುವುದಿಲ್ಲ. ಅಂಚಿನಲ್ಲೇ ಕೂತು ಆಚೆ ದಂಡೆ ಮುಟ್ಟುತ್ತಾನೆ. ಅವನ ಭಾರಕ್ಕೆ ವಾಲಿದ ಹರಿಗೋಲನ್ನು ನೇರ ಇಡಲು ಭೀಮವ್ವ ಉದ್ದಕ್ಕೂ ಎದುರು ಮಗ್ಗುಲಿಗೆ ಒರಗಿ ಹುಟ್ಟು ಹಾಕುತ್ತಾಳೆ.

ಈ ಹುಟ್ಟು ಅವಳ ಕೈಗೆ ಬಂದು ಆರು ತಿಂಗಳು. ಆಷಾಢದ ಹೊಸ ನೀರಿನಲ್ಲಿ ಹಗ್ಗ ಜಗ್ಗುವಾಗ ಗಂಡ ಅಮಾತೆಪ್ಪನ ಬಲ ಭುಜ ಕೀಲು ತಪ್ಪಿತು. ನಾಟಿ ವೈದ್ಯರು ಕೂಡಿಸಿದರು. ಆದರೆ ಆ ಕೈ ಈಗ ಕಿವಿಗಿಂತ ಮೇಲೆ ಏಳುವುದಿಲ್ಲ. ಕೂತು ತೊಗಲು ಹೊಲಿಯಲು ಅಡ್ಡಿಯಿಲ್ಲ, ಹುಟ್ಟು ಹಾಕಲಾಗದು. ಭೀಮವ್ವ ಯಾರನ್ನೂ ಕೇಳದೆ ಮರುದಿನ ನಸುಕಿನಲ್ಲಿ ಹರಿಗೋಲು ನೀರಿಗಿಳಿಸಿದಳು. ಅವಳ ತವರು ಸುರಪುರದ ಕಡೆ, ಕೃಷ್ಣಾ ದಂಡೆ. "ಹುಟ್ಟ ಹಾಕೋದು ನನಗ ಯಾರೂ ಕಲಿಸಿಲ್ರಿ," ಎನ್ನುತ್ತಾಳೆ. "ಅಪ್ಪನ ಬೆನ್ನ ಹಿಂದ ಕುಂತು ನೋಡಿದ್ದು. ಅವನ ಬೆನ್ನ ಹೆಂಗ ತಿರಗತಿತ್ತು, ಹಂಗ ನಂದೂ ತಿರಗತದ."

ಮೈದುನ ಮರಿಲಿಂಗಪ್ಪ ಇದನ್ನು ಒಪ್ಪಲಿಲ್ಲ. ಗಂಡಸಿರುವ ಮನೆತನದಲ್ಲಿ ಹೆಣ್ಣು ಹುಟ್ಟು ಹಿಡಿದರೆ ನಾಳೆ ಏನಾದರೂ ಆದರೆ ಹೊಣೆ ಯಾರು ಎಂದು ಹಿರಿಯರ ಮುಂದೆ ಕೇಳಿದ. ಹಿರಿಯರು ಅಳೆದು ಸುರಿದು ಒಂದು ಮಾತು ಹೇಳಿದರು. ಎಳ್ಳಮಾವಾಸ್ಯೆಯವರೆಗೆ ಭೀಮವ್ವ ನಡೆಸಲಿ. ವರ್ಷದಲ್ಲೇ ಹೆಚ್ಚು ಮಂದಿ ದಾಟುವುದು ಆ ದಿನ. ಅಂದು ಒಯ್ದವರನ್ನೆಲ್ಲ ಮೈ ತೊಯ್ಯದಂತೆ ತಿರುಗಿ ತಂದರೆ ಹುಟ್ಟು ಅವಳದು. ಇಲ್ಲದಿದ್ದರೆ ಮರಿಲಿಂಗಪ್ಪನದು. ಹುಟ್ಟು ಹೋದರೆ ಸುಗ್ಗಿಯಲ್ಲಿ ಮನೆಮನೆಯ ಕಣದಿಂದ ಬರುವ ಜೋಳವೂ ಹೋಗುತ್ತದೆ. ಭೀಮವ್ವನ ಮನೆಯ ವರ್ಷದ ರೊಟ್ಟಿ ಆ ಜೋಳವೇ.

ಉಳಿದ ದಿನ ಹದಿನಾಲ್ಕು ಸಲ ಹೋಗಿ ಬರುತ್ತಾಳೆ. ಇಂದು ಮೂವತ್ತು ದಾಟುತ್ತದೆ. ಒಂದು ದಂಡೆಯಿಂದ ಇನ್ನೊಂದಕ್ಕೆ ನೂರಾ ನಲವತ್ತು ಹುಟ್ಟು. ಪ್ರತಿ ಸಲವೂ ಎಣಿಸುತ್ತಾಳೆ. ಎಣಿಕೆ ಹೆಚ್ಚಾದರೆ ತೊಗಲು ನೀರು ಕುಡಿದಿದೆ ಎಂದು ಅರ್ಥ. ಕುಡಿದ ತೊಗಲು ಮೆತ್ತಗಾಗುತ್ತದೆ, ಹೊಲಿಗೆ ಸಡಿಲುತ್ತದೆ. ಅದಕ್ಕೆ ಮಧ್ಯಾಹ್ನ ಎಣಿಕೆ ನೂರಾ ಅರವತ್ತಕ್ಕೆ ಬಂದಾಗ ಹರಿಗೋಲನ್ನು ದಂಡೆಗೆಳೆದು ಬಿಸಿಲಿಗೆ ಬೋರಲು ಹಾಕುತ್ತಾಳೆ. ಕಾದು ನಿಂತವರು ಗೊಣಗುತ್ತಾರೆ. ತುರ್ತಿದ್ದವರು ಈಜಿಕೊಂಡು ಹೋಗಬಹುದು ಎಂದಷ್ಟೇ ಅವಳ ಉತ್ತರ.

ಆ ಒಂದು ತಾಸು ಅವಳು ಮರಳಿನಲ್ಲಿ ಕಾಲು ಚಾಚಿ ಕೂತು ಆಚೆ ದಂಡೆ ನೋಡುತ್ತಾಳೆ. ಹೊಲಗಳಿಂದ ಹೊಗೆ ಎದ್ದಿದೆ. ಬೇವಿನ ಮರದಲ್ಲಿ ಜೋಕಾಲಿ ಏರಿ ಇಳಿಯುತ್ತಿದೆ, ಯಾವಳೋ ಹುಡುಗಿಯ ಕೆಂಪು ಲಂಗ ಜೋಳದ ಮೇಲೆ ಕಂಡು ಮರೆಯಾಗುತ್ತಿದೆ. ಗುರಣ್ಣ ಜೇನು ಬಿಡಿಸಲು ಮರ ಹತ್ತಿ, ಇಳಿಯಲಾಗದೆ ಅರ್ಧ ತಾಸು ಕೊಂಬೆ ತಬ್ಬಿಕೊಂಡಿದ್ದನೆಂಬ ಸುದ್ದಿ ಆಮೇಲೆ ಆಚೆಯಿಂದ ದಾಟಿ ಬಂದ ಮಂದಿಯೊಂದಿಗೆ ಬರುತ್ತದೆ. ದಾಟಿದ ಮನೆಯವರೆಲ್ಲ ಅವಳ ಬುಟ್ಟಿಗೆ ಒಂದಿಷ್ಟು ಹಾಕಿದ್ದಾರೆ. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಹನ್ನೊಂದು ಮನೆಯ ಭಜ್ಜಿ ಪಲ್ಯ.

"ಎಲ್ಲಾರ ಮನಿ ಭಜ್ಜಿ ರುಚಿ ಗೊತ್ತದರಿ ನನಗ. ಯಾರ ಮನ್ಯಾಗ ಉಪ್ಪ ಹೆಚ್ಚು, ಯಾರ ಮನ್ಯಾಗ ಎಣ್ಣಿ ಕಮ್ಮಿ. ಆದ್ರ ಹೊಲದಾಗ ಕುಂತು ತಿಂದಿಲ್ಲ. ಮದವಿಯಾಗಿ ಬಂದು ಹತ್ತೊಂಬತ್ತ ವರ್ಷಾತು."

ಹೊತ್ತು ಇಳಿಯುತ್ತದೆ. ಕೊನೆಯ ಸಲಕ್ಕೆ ಉಳಿದವರು ಬಸವಂತ್ರಾಯನ ಮನೆಯವರು.

ಈ ಮನೆತನಕ್ಕೆ ಒಂದು ಪದ್ಧತಿ ಇದೆ. ಹೊಲದಲ್ಲಿ ಹೂಡಿದ ಮೂರು ಕಲ್ಲಿನ ಒಲೆಯ ಕೆಂಡವನ್ನು ಮಡಿಕೆಯಲ್ಲಿ ಬೂದಿ ಮುಚ್ಚಿ ಮನೆಗೆ ತರಬೇಕು. ಅಂದಿನ ಸಂಜೆಯ ಒಲೆ ಅದೇ ಕೆಂಡದಿಂದ ಹೊತ್ತಬೇಕು. ದಾರಿಯಲ್ಲಿ ಮಡಿಕೆ ನೆಲ ಮುಟ್ಟಬಾರದು. ಮಾನಮ್ಮ ಸೊಸೆಯಾಗಿ ಬಂದು ನಲವತ್ತೆರಡು ವರ್ಷ, ಒಮ್ಮೆಯೂ ತಪ್ಪಿಸಿಲ್ಲ. ತೊಗಲಿನ ಹರಿಗೋಲಿನೊಳಗೆ ಬೆಂಕಿ ಬರಬಾರದೆಂಬುದು ಅಂಬಿಗರ ಕಟ್ಟಳೆ. ಆದರೂ ಮುದುಕಿ ಮಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ದಾಟುವುದನ್ನು ಅಮಾತೆಪ್ಪ ಪ್ರತಿ ವರ್ಷ ನೋಡಿಯೂ ನೋಡದಂತಿದ್ದ. ಭೀಮವ್ವ ಮಾತ್ರ, ಮಡಿಕೆ ಕೆಳಗಿಡುವುದಿಲ್ಲ ತಾನೆ ಎಂದು ಬಾಯಿ ಬಿಟ್ಟು ಕೇಳುತ್ತಾಳೆ.

"ತೊಡಿ ಬಿಟ್ಟು ಕೆಳಗ ಇಡಂಗಿಲ್ಲ ನೋಡವ್ವ. ಮಾತ ಕೊಟ್ಟೀನಿ," ಎನ್ನುತ್ತಾಳೆ ಮಾನಮ್ಮ.

ಈ ವರ್ಷ ನೆಂಟರು ಹೆಚ್ಚೆಂದು ಮಡಿಕೆಯೂ ದೊಡ್ಡದು, ಕೆಂಡವೂ ಹೆಚ್ಚು. ಅರ್ಧ ಹೊಳೆಗೆ ಬರುವಷ್ಟರಲ್ಲಿ ಸೀರೆಯ ನಾಲ್ಕು ಪದರ ದಾಟಿ ಕಾವು ತೊಡೆ ಸುಡುತ್ತದೆ. ಮಾನಮ್ಮ ತಡೆದು ನೋಡುತ್ತಾಳೆ. ತಡೆಯಲಾಗದೆ ಯೋಚಿಸುತ್ತಾಳೆ. ನೆಲ ಮುಟ್ಟಬಾರದು ಎಂದು ಅತ್ತೆ ಹೇಳಿದ್ದು ಖರೆ. ಆದರೆ ಇದು ನೆಲವಲ್ಲ, ನೀರಿನ ಮೇಲಿನ ಬುಟ್ಟಿ. ಮೆಲ್ಲಗೆ ಮಡಿಕೆಯನ್ನು ಬಿದಿರಿನ ಮೇಲೆ ಇಳಿಸುತ್ತಾಳೆ. ಅದೇ ಹೊತ್ತಿಗೆ ನೀರಕ್ಕಿಗಳ ಹಿಂಡೊಂದು ಏಳುತ್ತದೆ, ನೋಡಲು ಮಕ್ಕಳು ಒಂದೇ ಮಗ್ಗುಲಿಗೆ ಮುಗಿಬೀಳುತ್ತಾರೆ, ಅಂಚಿನಲ್ಲಿ ಕೂತ ಗುರಣ್ಣನೂ ಅದೇ ಮಗ್ಗುಲಿಗಿದ್ದಾನೆ. ಹರಿಗೋಲು ವಾಲುತ್ತದೆ. ಮಡಿಕೆ ಓರೆಯಾಗಿ ಮೂರು ಕೆಂಡ ಬಿದಿರಿನ ಸಂದಿಗೆ ಉರುಳಿ, ಎಣ್ಣೆ ಕುಡಿದ ಹೊಲಿಗೆಯ ಮೇಲೆ ಬೀಳುತ್ತವೆ.

ಮೊದಲು ಗೊತ್ತಾದದ್ದು ಮೂಗಿಗೆ. ಭೀಮವ್ವ ತಿರುಗಿ ನೋಡುವಷ್ಟರಲ್ಲಿ ದಾರ ಸುಟ್ಟು ಹೊಲಿಗೆ ಒಂದು ಗೇಣು ಬಿಚ್ಚಿದೆ. ಕೆಂಡ ಚುಂಯ್ ಎಂದು ಆರಿತು, ಬೆನ್ನಿಗೇ ನೀರು ಚಿಮ್ಮಿತು.

"ಯಾರೂ ಏಳಬ್ಯಾಡ್ರಿ," ಎಂದಳು. ದನಿ ಏರಿಸಲಿಲ್ಲ. "ಎದ್ದವರು ಎಲ್ಲಾರನ್ನೂ ಮುಳುಗಸ್ತೀರಿ. ಪಾತ್ರಿ ತಗೊಂಡು ನೀರ ಹೊರಗ ಹಾಕ್ರಿ. ಅಳಿಯಾರ, ರುಮಾಲ ಬಿಚ್ಚ್ರಿ."

ಗುರಣ್ಣ ಒಂದು ಉಸಿರು ತಡೆದ. ಹೊಸ ರುಮಾಲು. ಆಮೇಲೆ ಬಿಚ್ಚಿ ಕೊಟ್ಟ. ಭೀಮವ್ವ ತನ್ನ ಬುಟ್ಟಿಯಲ್ಲಿ ಉಳಿದ ಕಡಬುಗಳನ್ನೆಲ್ಲ ಹಿಸುಕಿ ರುಮಾಲಿನಲ್ಲಿ ಸುತ್ತಿ ಉಂಡೆ ಮಾಡಿ, ಜೊತೆಗಿದ್ದ ಬೇವಿನೆಣ್ಣೆಯಲ್ಲಿ ಹೊರಳಿಸಿ, ಹಿಮ್ಮಡಿಯಿಂದ ಸಂದಿಗೆ ತುಳಿದಳು.

"ಈಗ ಇದರ ಮ್ಯಾಲ ಕೂಡ್ರಿ."

"ನಾನಾ?"

"ನಿಮ್ಮಷ್ಟ ತೂಕ ಇಲ್ಲಿ ಇನ್ಯಾರಿಗೆ ಅದರಿ?"

ಮುಂಜಾನೆ ಕೂಡಲೊಲ್ಲದ ಜಾಗದಲ್ಲೇ ಗುರಣ್ಣ ಕೂತ. ನೀರಿನ ಚಿಮ್ಮು ನಿಂತು ಒಸರಿಗೆ ಇಳಿಯಿತು.

ಆದರೆ ಮಡಿಕೆ ಈಗ ಮಾನಮ್ಮನ ಬರಿಗೈಯಲ್ಲಿದೆ. ಹೊಳೆಗೆ ಬಿಟ್ಟುಬಿಡು ಅಕ್ಕ ಎಂದು ಹುಸೇನಬೀ ನೀರು ಚೆಲ್ಲುತ್ತಲೇ ಬೇಡಿಕೊಂಡಳು. ಮುದುಕಿ ಬಿಡಲೊಲ್ಲಳು, ಹಿಡಿಯಲೂ ಆರಳು. ಅಂಗೈ ಬೊಬ್ಬೆ ಎದ್ದಿತ್ತು. ಭೀಮವ್ವನ ಮುಖ ನೋಡಿ, "ನಲವತ್ತೆರಡ ವರ್ಷ, ತಂಗಿ," ಎಂದಳು. ಅಷ್ಟೇ.

ಚೆಲ್ಲಿಬಿಡು ಎನ್ನುವ ಹಕ್ಕು ಭೀಮವ್ವನಿಗಿತ್ತು. ಅವಳು ಸೆರಗು ನೀರಿಗದ್ದಿ ಹಿಂಡಿ, ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು ಬಾಗಿದಳು. "ತರ್ರಿ ಇಲ್ಲಿ." ಮಡಿಕೆ ತಲೆಗೇರಿತು. ನೇರ ನಿಂತು ಹುಟ್ಟು ಹಾಕಿದಳು. ಎಂಬತ್ತರವರೆಗೆ ಎಣಿಸಿದ್ದ ನೆನಪು. ಎಂಬತ್ತೊಂದು, ಎಂಬತ್ತೆರಡು. ಕತ್ತು ಅಲುಗದಂತೆ, ಬೆನ್ನು ಮಾತ್ರ ತಿರುಗುತ್ತಾ. ಮಡಿಕೆಯ ಕಾವು ಒದ್ದೆ ಸಿಂಬಿ ದಾಟಿ ನೆತ್ತಿಗಿಳಿಯುತ್ತಿತ್ತು. "ನನ್ನ ಹುಟ್ಟಿನ ಚಿಂತಿ ಆಗ ಇರಲಿಲ್ರಿ," ಎನ್ನುತ್ತಾಳೆ ಈಗ. "ಆಕಿ ಅಂಗೈ ನೋಡಿದೆ. ಬೆಂಕಿ ಆರಿದ್ರ ಆಕಿ ಮನಿಗಿ ಹೆಂಗ ಹೋಗ್ತಾಳ ಅನಸ್ತು."

ದಂಡೆಯಲ್ಲಿ ಇಬ್ಬರು ಹಿರಿಯರೊಂದಿಗೆ ಮರಿಲಿಂಗಪ್ಪ ನಿಂತಿದ್ದ. ಕೊನೆಯ ಸಲವನ್ನು ಕಣ್ಣಾರೆ ನೋಡಲೆಂದೇ ಬಂದವನು. ತಲೆಯ ಮೇಲೆ ಹೊಗೆಯಾಡುವ ಮಡಿಕೆ ಹೊತ್ತು ಬರುತ್ತಿದ್ದ ಅತ್ತಿಗೆಯನ್ನು ಕಂಡು, ಧೋತರ ಎತ್ತಿಕಟ್ಟಿ ಎದೆಮಟ್ಟದ ನೀರಿಗೆ ಇಳಿದುಬಿಟ್ಟ. ಹರಿಗೋಲಿನ ಅಂಚು ಹಿಡಿದು, "ಬಿಡು ಅತ್ತಿಗಿ, ನಾ ಹಿಡದೀನಿ," ಎಂದ. ಹದಿನೆಂಟೂ ಮಂದಿ ಮರಳಿಗಿಳಿದರು. ಹುಸೇನಬೀ ಅಲ್ಲೇ ಕುಸಿದು ಕೂತು, ಅಳುವುದೋ ನಗುವುದೋ ತಿಳಿಯದೆ ಎರಡೂ ಮಾಡಿದಳು. ಮಡಿಕೆಯ ಬೂದಿ ಸರಿಸಿ ನೋಡಿದರೆ ಒಳಗೆ ಕೆಂಡ ಕೆಂಪಗಿತ್ತು.

ಹಿರಿಯರಲ್ಲೊಬ್ಬರು ಗುರಣ್ಣನ ಧೋತರ ನೋಡಿದರು. ಸೊಂಟದಿಂದ ಕೆಳಗೆ ನೀರು ಸೋರುತ್ತಿತ್ತು. ಮೈ ತೊಯ್ಯದಂತೆ ತರಬೇಕೆಂಬ ಮಾತಿತ್ತಲ್ಲ ಎಂದು ನೆನಪಿಸಿದರು. ಭೀಮವ್ವ ಹುಟ್ಟನ್ನು ಮರಳಿಗೂರಿ ಅದನ್ನೇ ನೋಡುತ್ತಾ ನಿಂತಳು.

"ನನ್ನನ್ನ ಆಕಿ ತೊಯ್ಸಿಲ್ರಿ," ಎಂದ ಗುರಣ್ಣ. "ಮುಂಜಾನಿ ತಳದಾಗ ಕೂಡು ಅಂದಿದ್ಲು. ಕುಂತಿದ್ರ ಹರಗೋಲ ವಾಲ್ತಿರಲಿಲ್ಲ. ನಾನ ತೊಯ್ಸಿಕೊಂಡೀನಿ."

ಕೆಂಡ ಇಳಿಸಿದ್ದು ತಾನು ಎಂದು ಮಾನಮ್ಮನೂ ಹೇಳಿದಳು. ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾಳೆ ಮುಂಜಾನೆ ತಮಗೆ ಆಚೆ ಹೋಗಬೇಕಾಗಿದೆ, ಹೊಲಿಗೆ ಅಷ್ಟರಲ್ಲಿ ಆಗುತ್ತದೆಯೇ ಎಂದು ಭೀಮವ್ವನನ್ನು ಕೇಳಿದರು. ತೀರ್ಪು ಎಂದರೆ ಅದೇ. ಅದನ್ನು ಕೇಳಿದ ಮೇಲೆಯೇ ಅವಳು ಹುಟ್ಟನ್ನು ಮರಳಿನಿಂದ ಕಿತ್ತು ಹೆಗಲಿಗೇರಿಸಿದಳು. ಆ ಸಂಜೆ ಅಮಾತೆಪ್ಪ ಹೊಲಿಗೆ ಹಾಕಿದ, ಮರಿಲಿಂಗಪ್ಪ ತೊಗಲು ಬಿಗಿ ಹಿಡಿದ.

ಈಗ ಒಂದು ತಿಂಗಳಾಗಿದೆ. ಬಸವಂತ್ರಾಯ ಸುರಪುರದಿಂದ ಹದ ಮಾಡಿದ ಎಮ್ಮೆಯ ತೊಗಲು ತರಿಸಿಕೊಟ್ಟಿದ್ದಾನೆ. ಗುರಣ್ಣನ ರುಮಾಲನ್ನು ಒಗೆದು ತಿರುಗಿ ಕೊಡಹೋದರೆ ಅವನು ಒಲ್ಲೆನೆಂದ. ಜರಿ ಕಪ್ಪಾದ ಆ ಬಟ್ಟೆ ಈಗ ಭೀಮವ್ವನ ತಲೆಯ ಮೇಲೆ ಸಿಂಬಿಯಾಗಿದೆ. ಅಂಗೈ ಮಾಗಿದ ಮೇಲೆ ಮಾನಮ್ಮ ಹೊಳೆ ದಂಡೆಗೆ ಬಂದಿದ್ದಳು. ತೊಗಲು ಕೊಟ್ಟರೆ ತೊಗಲಿನ ಲೆಕ್ಕ ತೀರಿತು, ಬೆಂಕಿಯದು ಬಾಕಿ ಇದೆ, ಬರುವ ಎಳ್ಳಮಾವಾಸ್ಯೆಗೆ ನೀನೂ ನಮ್ಮ ಹೊಲಕ್ಕೆ ಉಣ್ಣಲು ಬರಬೇಕು ಎಂದು ಹೇಳಿ ಹೋಗಿದ್ದಾಳೆ.

ಹೋಗುವ ಮನಸ್ಸು ಭೀಮವ್ವನಿಗೂ ಇದೆ. ಆ ದಿನ ಹುಟ್ಟು ಹಾಕುವವರು ಯಾರೆಂದು ಕೇಳಿದರೆ, ಬೋರಲು ಬಿದ್ದ ಹರಿಗೋಲಿನ ಹೊಸ ಹೊಲಿಗೆಯ ಮೇಲೆ ಬೆರಳಾಡಿಸುತ್ತಾಳೆ.

"ಮೈದುನ ಹಾಕ್ಲಿ ಬಿಡ್ರಿ, ಅವನಿಗೂ ಆಸೆ ಅದ. ನಾ ತಳದಾಗ ಕೂಡ್ತೀನಿ, ಹೇಳಿದಲ್ಲೇ ಕೂಡ್ತೀನಿ. ಒಂದ ದಿನ ಅಷ್ಟ. ಮರುದಿನ ಹೊತ್ತ ಹುಟ್ಟೂದ್ರಾಗ ಹುಟ್ಟ ನನ್ನ ಕೈಯಾಗ ಇರಬೇಕು."