ಅಣ್ಣ ತೆಗೆದುಕೊಂಡ ಪಾಲು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಚೌಕಟ್ಟಿನಕ್ಕ ಎಂದೇ ಕರೆಯುತ್ತಿದ್ದರು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವಳದು. ಉದ್ದನೆಯ ಮೇಜು, ಅದರ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಗಾಜು. ಗಿರಾಕಿ ತಂದ ಫೋಟೋ ಕಂಡರೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. "ಮೂಗು ಅಪ್ಪಂದೇ ಅಲ್ವಾ? ಕಿವಿ ಮಾತ್ರ ತಾಯಿ ಕಡೇದು" ಎಂದು ಶುರು ಹಚ್ಚಿಕೊಳ್ಳುತ್ತಿದ್ದಳು. ಒಮ್ಮೆ ಅಳಿಯನನ್ನೇ ಮಗನೆಂದುಕೊಂಡು "ಅಪ್ಪನ ಅಚ್ಚು" ಎಂದುಬಿಟ್ಟದ್ದಕ್ಕೆ ಮಾವನಾದವನು ಮುಖ ಊದಿಸಿಕೊಂಡು ಹೋಗಿದ್ದೂ ಉಂಟು.

ಆದರೆ ಅವಳ ಮನೆಯಲ್ಲೇ ಅಪ್ಪನ ಫೋಟೋ ಬಹಳ ವರ್ಷ ಗೋಡೆ ಹತ್ತಿರಲಿಲ್ಲ. ಅಂಗಡಿ ಹಾಕಿದವನೇ ಆ ಅಪ್ಪ, ಗಾಜು ಕೊಯ್ಯುವುದರಲ್ಲಿ ಎತ್ತಿದ ಕೈ. ನಲವತ್ತು ದಾಟಿದ ಮೇಲೆ ಅವನು ನಡೆಯುವಾಗ ತೂರಾಡತೊಡಗಿದ. ನಾಲಿಗೆ ತೊದಲಿತು, ಕೈಯಲ್ಲಿದ್ದ ಗಾಜು ಜಾರಿ ಬೀಳತೊಡಗಿತು. ಕುಡುಕ ಎಂದು ಬೀದಿಯವರು ತೀರ್ಮಾನ ಮಾಡಿದರು. ಅಮ್ಮನೂ ನಂಬಿದಳು. ಮನೆಯೆಲ್ಲ ತಡಕಿದರೂ ಬಾಟಲಿ ಸಿಗದಾಗ, ಹೊರಗೇ ಕುಡಿದು ಬರುತ್ತಾನೆ ಎಂದುಕೊಂಡಳು. "ನಾನು ಕುಡಿದಿಲ್ಲ ಕಣೇ" ಎನ್ನುತ್ತ ಎನ್ನುತ್ತಲೇ ಅವನು ಸತ್ತ. ಕುಡಿದವರು ಹೇಳುವುದೂ ಅದನ್ನೇ. ಪಾಪ, ಅವನಿಗೆ ಹೇಳಿಕೊಳ್ಳಲು ಬೇರೆ ಮಾತೇ ಇರಲಿಲ್ಲ.

ಆಮೇಲೆ ಅಂಗಡಿ ಅವಳ ಅಣ್ಣನ ಕೈಗೆ ಬಂತು. ಅವನು ಗಾಜು ಕೊಯ್ದರೆ ತಂಗಿ ಮರದ ಪಟ್ಟಿಗಳಿಗೆ ಮೊಳೆ ಹೊಡೆಯುತ್ತಿದ್ದಳು. ಮೂವತ್ತೈದು ತುಂಬುವ ಹೊತ್ತಿಗೆ ಅವನ ಬೆರಳುಗಳೂ ತಮ್ಮಷ್ಟಕ್ಕೆ ತಾವೇ ಆಡತೊಡಗಿದವು. ಕಾಲವೂ ಬದಲಾಗಿತ್ತು, ಆಸ್ಪತ್ರೆಗೆ ಹೋದರು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಹಂಟಿಂಗ್ಟನ್ ಕಾಯಿಲೆ ಎಂದರು. ಗುಣವಾಗುವಂಥದ್ದಲ್ಲ, ತಂದೆಯಿಂದ ಬಂದದ್ದು. ಪ್ರತಿ ವಂಶವಾಹಿಯೂ ನಮ್ಮಲ್ಲಿ ಎರಡೆರಡಿರುತ್ತದೆ, ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ನಿಮ್ಮ ತಂದೆಯ ಎರಡರಲ್ಲಿ ಒಂದು ಕೆಟ್ಟಿತ್ತು. ಈ ಕಾಯಿಲೆಗೆ ಕೆಟ್ಟದ್ದು ಒಂದಿದ್ದರೂ ಸಾಕು. "ಮಕ್ಕಳಿಗೆ ಬರೋದು ಅರ್ಧಕ್ಕರ್ಧ" ಎಂದು ಹೇಳಿ ಅವರು ಮುಂದಿನ ರೋಗಿಯನ್ನು ಕರೆದರು.

ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತನ್ನದೇ ಲೆಕ್ಕ ಹಾಕಿದ.

"ಪುಟ್ಟಿ, ನಾವಿರೋದು ಇಬ್ಬರು. ಅರ್ಧ ಅಂದ್ರೆ ಒಬ್ಬರು. ಆ ಒಬ್ಬ ನಾನು. ನೀನು ತಪ್ಪಿಸ್ಕೊಂಡೆ."

"ಹಾಗೆಲ್ಲ ಮಾತಾಡ್ಬೇಡ ಅಣ್ಣ."

"ಚಿಕ್ಕವಳಿದ್ದಾಗ ನಿನ್ನ ತಟ್ಟೆಯಿಂದ ಕದ್ದು ತಿಂತಿದ್ನಲ್ಲ, ಹಾಗೇ ಅಂದ್ಕೋ. ನಿನ್ನ ಪಾಲೂ ನಾನೇ ತಗೊಂಡಿದೀನಿ" ಎಂದು ಅವನು ನಕ್ಕ.

ತಂಗಿ ನಂಬಿದಳು. ಹಾಗೆ ನಂಬುವುದು ಇಬ್ಬರಿಗೂ ಬೇಕಾಗಿತ್ತು. ಅಂದೇ ಸಂಜೆ ಅಣ್ಣ ಟ್ರಂಕಿನ ತಳದಿಂದ ಅಪ್ಪನ ಫೋಟೋ ತೆಗೆದು ಅದಕ್ಕೆ ಗಾಜು ಕೊಯ್ಯಲು ಹೋದ. ಗೀರು ಸೊಟ್ಟಗಾಯಿತು. ಇನ್ನೊಂದು ಗಾಜಿನ ಮೇಲೂ ಸೊಟ್ಟ. ತಂಗಿ ಅವನ ಕೈಯಿಂದ ಗಾಜು ಕೊಯ್ಯುವ ಕಡ್ಡಿ ಇಸಿದುಕೊಂಡು ನೇರವಾಗಿ ಗೀರೆಳೆದಳು. ಅವತ್ತಿನಿಂದ ಆ ಕೆಲಸ ಅವಳದಾಯಿತು. ಅಮ್ಮ ಗೋಡೆಯ ಮೇಲಿನ ಗಂಡನ ಮುಂದೆ ನಿಂತು ಅತ್ತಳು, ಬದುಕಿರುವವರೆಗೂ ಅಳುತ್ತಲೇ ಇದ್ದಳು.

ಅಣ್ಣ ಮದುವೆಯಾಗಲಿಲ್ಲ. ತಂಗಿಗೆ ಮಾತ್ರ ಹಟ ಹಿಡಿದು ಮದುವೆ ಮಾಡಿಸಿದ. "ಅವಳಿಗೇನೂ ಇಲ್ಲ, ಬರೋದೆಲ್ಲ ನನಗೇ ಬಂದಾಯ್ತು" ಎಂದು ಬೀಗರಿಗೆ ಎದೆ ತಟ್ಟಿ ಹೇಳಿದ. ಅವಳಿಗೊಬ್ಬಳು ಮಗಳು ಹುಟ್ಟಿದಳು. ಅಣ್ಣ ಕೋಲು ಹಿಡಿದ, ಗೋಡೆ ಹಿಡಿದ, ಕೊನೆಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದ. ಮೈಕೈ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ದಿನಾ ಸಂಜೆ ತಂಗಿ ಗಂಜಿ ತಂದಾಗ ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಕೈ ತೋರ್ಸು." ಅವಳು ಅಂಗೈ ಚಾಚಿ ಹಿಡಿಯುತ್ತಿದ್ದಳು. ಅದು ಅಲುಗುತ್ತಿರಲಿಲ್ಲ. ಅವನ ಮುಖ ಅರಳುತ್ತಿತ್ತು. ಇಡೀ ದಿನದಲ್ಲಿ ಅವನಿಗಿದ್ದ ಸಂತೋಷ ಅದೊಂದೇ.

ಮಗಳು ಕಾಲೇಜಿಗೆ ಸೇರಿದ ವರ್ಷ, ಒಂದು ಸಂಜೆ ಅಂಗಡಿಯ ಮೇಜಿನ ತುದಿಯಲ್ಲಿ ಜೀವಶಾಸ್ತ್ರದ ಪುಸ್ತಕ ಹರಡಿಕೊಂಡು ವಂಶವಾಹಿ ಹಂಚಿಕೆಯ ನಾಲ್ಕು ಚೌಕ ಬರೆಯುತ್ತಿದ್ದಳು.

"ಅಮ್ಮಾ, ಮಾಮನ ಕಾಯಿಲೆ ನಮ್ಮ ಪಾಠದಲ್ಲಿದೆ."

"ಗೊತ್ತು ಬಿಡೇ. ಇಬ್ಬರಲ್ಲಿ ಒಬ್ಬರಿಗೆ ಬರತ್ತೆ. ನಿಮ್ಮ ಮಾಮಂಗೆ ಬಂತು."

"ಹಾಗಲ್ಲಮ್ಮ. ಒಂದೊಂದು ಮಗು ಆಗೋವಾಗ್ಲೂ ಹೊಸದಾಗಿ ನಾಣ್ಯ ಹಾರಿಸಿದ ಹಾಗೆ. ಹಿಂದಿನ ಸಲ ಏನು ಬಿತ್ತು ಅಂತ ನಾಣ್ಯಕ್ಕೇನು ನೆನಪಿರತ್ತಾ? ಇಬ್ಬರಿಗೂ ಬರದೇ ಇರಬಹುದು. ಇಬ್ಬರಿಗೂ..."

ಮಗಳು ಅಲ್ಲಿಗೇ ನಿಲ್ಲಿಸಿ ತಲೆಯೆತ್ತಿ ನೋಡಿದಳು. ಹೋದ ವಾರ ಅಮ್ಮನ ಕೈಯಿಂದ ಒಂದು ಗಾಜು ಜಾರಿತ್ತು, ಬೆವರು ಎಂದುಕೊಂಡಿದ್ದಳು. ಅವಳಿಗೆ ಹೆದರಿಕೆಯಾದದ್ದು ತನಗಾಗಿ ಅಲ್ಲ, ಎದುರಿಗೆ ಪೆನ್ಸಿಲ್ ಹಿಡಿದು ಕೂತವಳಿಗಾಗಿ.

"ಮಾಮಂಗೆ ಇದನ್ನ ಹೇಳ್ಬೇಡ" ಎಂದಳು.

"ನೀನು ಪರೀಕ್ಷೆ ಮಾಡಿಸ್ಕೋಮ್ಮ."

"ಅವನು ಇರೋವರೆಗೂ ಬೇಡ. ಇದೆ ಅಂತ ಗೊತ್ತಾದ್ರೆ ಅವನ ಮುಂದೆ ಮುಖ ಹೇಗೆ ಇಟ್ಕೊಳ್ಳಲಿ? ನನಗೆ ಸುಳ್ಳು ಬರಲ್ಲ."

ಆದರೆ ಕಾಯಿಲೆ ಯಾರ ಅನುಕೂಲ ನೋಡಿಕೊಂಡು ಬರುತ್ತದೆ? ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಯಾರದೋ ಮದುವೆ ಫೋಟೋಗೆ ಗಾಜು ಕೊಯ್ಯುವಾಗ ಗೀರು ಸೊಟ್ಟಗಾಯಿತು. ಇನ್ನೊಂದು ತೆಗೆದುಕೊಂಡಳು. ಅದೂ ಹಾಗೇ. ಎರಡು ಸೊಟ್ಟ ಗೀರುಗಳನ್ನು ಅವಳು ಹಿಂದೊಮ್ಮೆ ನೋಡಿದ್ದಳು. ಅಂಗಡಿಯ ಬಾಗಿಲು ಅರ್ಧ ಎಳೆದು ಸ್ಟೂಲಿನ ಮೇಲೆ ಕೂತುಬಿಟ್ಟಳು. ಗಿರಾಕಿಗೆ ನಾಳೆ ಬನ್ನಿ ಎಂದಳು, ಫೋಟೋದಲ್ಲಿದ್ದ ಮೂಗಿನ ವಿಚಾರ ಎತ್ತಲೇ ಇಲ್ಲ.

ಸಂಜೆ ಗಂಜಿ ತೆಗೆದುಕೊಂಡು ಹೋದಳು.

"ಕೈ ತೋರ್ಸು" ಎಂದ ಅಣ್ಣ. ಈಗೀಗ ಅವನ ಮಾತು ಮನೆಯವರನ್ನು ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ.

ಅವಳ ಕಿರುಬೆರಳು ತಾನಾಗಿಯೇ ಏಳುತ್ತಿತ್ತು, ಇಳಿಯುತ್ತಿತ್ತು. ಅವನ ಕಣ್ಣು ಅತ್ತ ಹೊರಳುವ ಮೊದಲೇ ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ದಿನಾ ನೋಡೋದೇನು? ಇವತ್ತು ಹಿಡ್ಕೊಂಡೇ ನೋಡು."

ಅವನು ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿ, "ಅಲುಗ್ತಿದೆಯಲ್ಲೇ" ಎಂದ.

"ಅದು ನಿಂದು ಕಣೋ."

ಅವನು ಸ್ವಲ್ಪ ಯೋಚಿಸಿದ. ಮುಖದ ಗಂಟು ಸಡಿಲವಾಯಿತು. "ಹೌದು, ನಂದೇ" ಎಂದು ನಕ್ಕ. ಸುಳ್ಳು ಬರುವುದಿಲ್ಲ ಎಂದುಕೊಂಡಿದ್ದವಳಿಗೆ ಅದು ಸಲೀಸಾಗಿ ಬಂದಿತ್ತು.

ಗಂಜಿ ಕುಡಿದು ಅಣ್ಣ ನಿದ್ದೆ ಹೋದ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಕಿರುಬೆರಳು ಇನ್ನೂ ಆಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮಗಳು ಅದನ್ನೇ ನೋಡುತ್ತಿದ್ದಳು. ಹತ್ತಿರ ಬಂದು ನೆಲದ ಮೇಲೆ ಕೂತಳು.

ಅಮ್ಮ, "ಕೈ ತೋರ್ಸು" ಎಂದಳು.

ಮಗಳು ಅಂಗೈ ಚಾಚಿದಳು. ಅದು ಅಲುಗಲಿಲ್ಲ. ಆ ವಯಸ್ಸಿನಲ್ಲಿ ಅಣ್ಣನ ಕೈಯೂ ಅಲುಗುತ್ತಿರಲಿಲ್ಲ.